ಕಾನೂನಿನ ಹಾದಿಯಲ್ಲಿ ಬಿ. ಡಿ. ಜತ್ತಿಯವರು

ಶಾಲೆಯನ್ನು ಮುಗಿಸಿ ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲಿ ಕಾನೂನು ಓದಲು ಹೊರಡುವ ತರುಣನಿಗೆ ಮೊಟ್ಟಮೊದಲು ಹೇಳಿಕೊಡುವ ಪಾಠವೆಂದರೆ ನ್ಯಾಯಾಲಯಗಳ ಮೆಟ್ಟಿಲುಗಳು. ಹುನ್ನೂರಿನ ರೈತನೊಬ್ಬನು ಬದುವಿನ ತಕರಾರಿಗಾಗಿ ದಾವೆ ಹೂಡಿದರೆ ಅದು ಜಮಖಂಡಿಯಲ್ಲಿ ಪ್ರಾರಂಭವಾಗಿ, ಬಾಗಲಕೋಟೆಯ ಜಿಲ್ಲಾ ಕೋರ್ಟನ್ನು ದಾಟಿ, ಉಚ್ಚ ನ್ಯಾಯಾಲಯದ ಧಾರವಾಡ ಪೀಠವನ್ನು ಮುಟ್ಟಿ, ಪ್ರಶ್ನೆ ಅಷ್ಟು ಗಹನವಾಗಿದ್ದರೆ ದೆಹಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬಹುದು. ಈ ದಾರಿ ಇಂದು ನೇರವಾಗಿದೆ. ಆದರೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇದೇ ಸೀಮೆಯಲ್ಲಿ ಹುಟ್ಟಿದವನಿಗೆ ಕಾನೂನೆಂಬುದು ಒಂದೇ ಆಗಿರಲಿಲ್ಲ. ಜಮಖಂಡಿಯು ಪಟವರ್ಧನ ಮನೆತನದ ಸಂಸ್ಥಾನ, ಮುಧೋಳವು ಘೋರ್ಪಡೆಯವರದು, ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿಯಾದರೋ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಯ ಭಾಗ. ಒಂದು ದಿನದ ಬಂಡಿಯ ಪ್ರಯಾಣದಲ್ಲಿ ನಾಲ್ಕು ಪ್ರಭುತ್ವಗಳು, ನಾಲ್ಕು ಬಗೆಯ ಕೋರ್ಟುಗಳು. ಅಧಿಕಾರವ್ಯಾಪ್ತಿ ಎಂಬ ಶಬ್ದದ ಅರ್ಥವನ್ನು ಈ ಭಾಗದ ಜನ ಗ್ರಂಥದಿಂದ ಕಲಿಯಬೇಕಾಗಿರಲಿಲ್ಲ. ಊರಿನ ಗಡಿಗಲ್ಲು ಅವರಿಗೆ ಅದನ್ನು ಕಲಿಸುತ್ತಿತ್ತು.

ಇಂಥ ಸೀಮೆಯ ಸಾವಳಗಿ ಗ್ರಾಮದಲ್ಲಿ ೧೯೧೨ನೆಯ ಇಸವಿ ಸೆಪ್ಟೆಂಬರ್ ೧೦ರಂದು ಶ್ರೀ ಬಸಪ್ಪ ದಾನಪ್ಪ ಜತ್ತಿಯವರು ಜನಿಸಿದರು. ಮನೆತನ ವೀರಶೈವ ಸಂಪ್ರದಾಯದ್ದು. ಪ್ರೌಢ ವಿದ್ಯಾಭ್ಯಾಸ ವಿಜಾಪುರದಲ್ಲಿ ನಡೆಯಿತು. ಮುಂದೆ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪದವಿಯನ್ನೂ, ಅದೇ ಊರಿನ ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನು ಪದವಿಯನ್ನೂ ಪಡೆದರು. ಆ ಕಾಲದ ಕಾನೂನು ವಿದ್ಯಾರ್ಥಿಯ ಮುಂದಿದ್ದ ಗ್ರಂಥಗಳನ್ನು ಹೆಸರಿಸುವುದು ಅಪ್ರಸ್ತುತವಾಗಲಾರದು. ಫೌಜದಾರಿ ಭಾಗಕ್ಕೆ ೧೮೬೦ರ ದಂಡಸಂಹಿತೆ, ಸಾಕ್ಷ್ಯಕ್ಕೂ ಕರಾರಿಗೂ ೧೮೭೨ರ ಎರಡು ಕಾಯ್ದೆಗಳು, ದಿವಾಣಿ ವ್ಯವಹಾರದ ಕ್ರಮಕ್ಕೆ ೧೯೦೮ರ ಸಂಹಿತೆ, ದಾಯಭಾಗ ದತ್ತಕಾದಿಗಳಿಗೆ ಮಿತಾಕ್ಷರ. ಇವುಗಳಲ್ಲಿ ದಂಡಸಂಹಿತೆಯೂ ಸಾಕ್ಷ್ಯದ ಕಾಯ್ದೆಯೂ ೨೦೨೪ರ ಜುಲೈ ೧ರಿಂದ ತೆರವಾಗಿ, ಅವುಗಳ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮಗಳು ಬಂದಿವೆ. ಕರಾರಿನ ಕಾಯ್ದೆ ಮತ್ತು ದಿವಾಣಿ ಸಂಹಿತೆಗಳು ತಿದ್ದುಪಡಿಗಳೊಡನೆ ಹಾಗೆಯೇ ಉಳಿದಿವೆ. ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನೆಂಬುದನ್ನು ಕನ್ನಡಿಗ ವಿದ್ಯಾರ್ಥಿಗಳು ಮರೆಯಬಾರದು. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯ ಪಾಲನ್ನು ಶತಮಾನಗಳ ಕಾಲ ನಿರ್ಣಯಿಸಿದ ಗ್ರಂಥವು ಈ ನೆಲದಲ್ಲಿ ಹುಟ್ಟಿತು.

ಪದವಿಯೊಂದಿಗೆ ಮರಳಿದ ಜತ್ತಿಯವರು ಜಮಖಂಡಿಯಲ್ಲಿಯೇ ವಕೀಲಿಗೆ ನಿಂತರು. ಅನೇಕ ಸಂಸ್ಥಾನಗಳು ಬ್ರಿಟಿಷ್ ಭಾರತದ ಕಾಯ್ದೆಗಳನ್ನೇ ತಮ್ಮ ಹುಕುಮಿನ ಮೂಲಕ ಅಳವಡಿಸಿಕೊಂಡಿದ್ದವು. ಅಕ್ಷರಗಳು ಅವೇ, ಆದರೆ ಅವುಗಳಿಗೆ ಬಲ ಕೊಡುತ್ತಿದ್ದುದು ಬೇರೆ. ಬೀಳಗಿಯಲ್ಲಿ ಆ ಬಲ ಶಾಸಕಾಂಗದಿಂದ ಬರುತ್ತಿದ್ದರೆ ಸಂಸ್ಥಾನದಲ್ಲಿ ಅರಸನ ಇಚ್ಛೆಯಿಂದ ಬರುತ್ತಿತ್ತು. ಅರಸನು ಸಜ್ಜನನಾದರೆ ಕ್ಷೇಮ, ಅಲ್ಲವಾದರೆ ಪ್ರಜೆಗೆ ಮೊರೆಯಿಡುವ ಸ್ಥಳವಿಲ್ಲ. ಕಾನೂನಿನ ಬೇರು ಎಲ್ಲಿದೆಯೆಂಬ ಈ ಪ್ರಶ್ನೆಯೇ ಆ ಕಾಲದ ತರುಣ ವಕೀಲರನ್ನು ಕೋರ್ಟಿನಿಂದ ಸಾರ್ವಜನಿಕ ಜೀವನಕ್ಕೆ ಎಳೆಯಿತು. ಜತ್ತಿಯವರು ೧೯೪೦ರಲ್ಲಿ ಜಮಖಂಡಿ ನಗರಸಭೆಯ ಸದಸ್ಯರಾದರು. ೧೯೪೫ರಲ್ಲಿ ಅದರ ಅಧ್ಯಕ್ಷರಾದರು. ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ, ಮಂತ್ರಿಯಾಗಿ, ಕೊನೆಗೆ ೧೯೪೮ರಲ್ಲಿ ದಿವಾನಪದವಿಗೆ ಏರಿದರು.

ಆ ಪದವಿಯಲ್ಲಿ ಕುಳಿತು ಅವರು ಮಾಡಿದ ಮುಖ್ಯ ಕಾರ್ಯವೆಂದರೆ ಆ ಪದವಿಯನ್ನೇ ಇಲ್ಲವಾಗಿಸಿದ್ದು. ಶ್ರೀಮಂತ ಶಂಕರರಾವ ಪಟವರ್ಧನರ ಆಳ್ವಿಕೆಯ ಜಮಖಂಡಿ ಸಂಸ್ಥಾನವು ೧೯೪೮ರ ಮಾರ್ಚ್ ೮ರಂದು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. ಅರಸನ ಸಹಿ ಮುಗಿದೊಡನೆ ದಿವಾನಗಿರಿ ಮುಗಿಯಿತು. ಜತ್ತಿಯವರು ಕರಿಯ ಕೋಟನ್ನು ಮತ್ತೆ ಧರಿಸಿ ವಕೀಲರ ಮೇಜಿಗೆ ಹಿಂದಿರುಗಿದರು. ಸುಮಾರು ಇಪ್ಪತ್ತು ತಿಂಗಳು ಅವರು ಹೀಗೆ ವ್ಯವಸಾಯ ನಡೆಸಿದರು. ನಿನ್ನೆಯವರೆಗೆ ರಾಜ್ಯಾಡಳಿತ ನಡೆಸಿದವರು ಇಂದು ನ್ಯಾಯಾಧೀಶರ ಮುಂದೆ ಎದ್ದು ನಿಂತು ತಲೆಬಾಗಿ ವಾದಿಸುವುದು ಸಣ್ಣ ಮಾತಲ್ಲ. ವಿಲೀನವೆಂದರೆ ಬಾವುಟ ಬದಲಾಗುವುದಷ್ಟೇ ಎಂದು ತಿಳಿದವರುಂಟು. ಕಾನೂನಿನ ದೃಷ್ಟಿಯಲ್ಲಿ ನಡೆದುದು ಬೇರೆ: ಅರಸನ ಹುಕುಮು ಕಾನೂನಿನ ಮೂಲವಾಗಿ ಉಳಿಯಲಿಲ್ಲ, ಸಂಸ್ಥಾನದ ಕೋರ್ಟುಗಳು ಮುಂಬಯಿಯ ನ್ಯಾಯಾಂಗ ಶ್ರೇಣಿಯೊಳಗೆ ಸೇರಿದವು, ಎರಡು ವರ್ಷಗಳ ತರುವಾಯ, ೧೯೫೦ರ ಜನವರಿ ೨೬ರಂದು, ಹುನ್ನೂರಿನ ಕೂಲಿಕಾರನೂ ಜಮಖಂಡಿಯ ಶ್ರೀಮಂತನೂ ಒಂದೇ ಸಂವಿಧಾನದ ಪ್ರಜೆಗಳಾದರು.

ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡ ಜತ್ತಿಯವರು ಮುಖ್ಯಮಂತ್ರಿ ಬಿ. ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾದರು. ೧೯೫೨ರ ಚುನಾವಣೆಯ ನಂತರ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾಗಿ ಕೆಲಸ ಮಾಡಿದರು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತು.

ನಾಡು ಒಂದಾದರೂ ಕಾನೂನು ಒಂದಾಗಿರಲಿಲ್ಲ. ಏಕೀಕರಣದ ಕಥೆಯನ್ನು ಹೇಳುವವರು ಬಹುಮಟ್ಟಿಗೆ ಹೋರಾಟದ ಸಭೆ ಮೆರವಣಿಗೆಗಳಲ್ಲಿಯೇ ನಿಂತುಬಿಡುತ್ತಾರೆ. ಅನಂತರದ ನೀರಸ ದುಡಿಮೆಯ ಕಡೆಗೆ ಅವರ ಗಮನ ಹರಿಯುವುದಿಲ್ಲ. ಗೇಣಿದಾರನ ವಿಷಯವೊಂದನ್ನೇ ನೋಡಬಹುದು. ಮುಂಬಯಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಜನ ಕುಳಕಾಯ್ದೆ ಎಂದು ಕರೆಯುತ್ತಿದ್ದ ೧೯೪೮ರ ಮುಂಬಯಿ ಕಾನೂನು. ಹೈದರಾಬಾದು ಭಾಗಕ್ಕೆ ೧೯೫೦ರದು. ಹಳೆಯ ಮೈಸೂರಿಗೆ ೧೯೫೨ರದು. ಮದರಾಸಿನಿಂದ ಬಂದ ದಕ್ಷಿಣ ಕನ್ನಡಕ್ಕೆ ಇನ್ನೊಂದು. ಕೊಡಗಿನದೇ ಒಂದು ರೀತಿ. ಒಂದೇ ರಾಜ್ಯದ ಐದು ಮೂಲೆಗಳಲ್ಲಿ ಉಳುವವನಿಗೆ ಐದು ಬಗೆಯ ಹಕ್ಕು. ಇವನ್ನೆಲ್ಲ ಪರಿಶೀಲಿಸಿ ಏಕರೂಪದ ಕಾಯ್ದೆಗೆ ದಾರಿ ತೋರಲು ಮೈಸೂರು ಸರಕಾರ ೧೯೫೭ರಲ್ಲಿ ಒಂದು ಸಮಿತಿಯನ್ನು ನೇಮಿಸಿ ಅದರ ಅಧ್ಯಕ್ಷಸ್ಥಾನಕ್ಕೆ ಜತ್ತಿಯವರನ್ನು ಆರಿಸಿತು. ಜತ್ತಿ ಸಮಿತಿ ಎಂದೇ ಅದು ಪ್ರಸಿದ್ಧವಾಯಿತು. ಒಂದು ಕಾನೂನು ಹೇಗೆ ಹುಟ್ಟುತ್ತದೆಂಬುದಕ್ಕೆ ಅದರ ಚರಿತ್ರೆ ಒಳ್ಳೆಯ ನಿದರ್ಶನ. ಮೊದಲು ಸಮಿತಿಯ ವರದಿ; ವರದಿಯಿಂದ ಮಸೂದೆ; ಮಸೂದೆಯು ಉಭಯ ಸದನಗಳ ಜಂಟಿ ಸಮಿತಿಗೆ ಹೋಗಿ ಅಲ್ಲಿ ತಿದ್ದಿಸಿಕೊಂಡು ಬಂದದ್ದು; ೧೯೬೧ರಲ್ಲಿ ಸದನದ ಅಂಗೀಕಾರ; ೧೯೬೨ರಲ್ಲಿ ರಾಷ್ಟ್ರಪತಿಗಳ ಸಮ್ಮತಿ; ಕೊನೆಗೆ ಜಾರಿಗೆ ಬಂದದ್ದು ೧೯೬೫ರ ಅಕ್ಟೋಬರ್ ೨ರಂದು. ವರದಿಯಿಂದ ಜಾರಿಯವರೆಗೆ ಎಂಟು ವರ್ಷ.

ಈ ಎಂಟು ವರ್ಷಗಳಲ್ಲಿ ಜಮೀನುಗಳು ಸುಮ್ಮನೆ ಬಿದ್ದಿರಲಿಲ್ಲ. ಕಾಯ್ದೆ ಬರುವುದೆಂದು ತಿಳಿದವರು ಆಸ್ತಿಯನ್ನು ಮಕ್ಕಳು ಮೊಮ್ಮಕ್ಕಳ ಹೆಸರಿಗೆ ಹಂಚಿದರು. ಕುಳಗಳಿಂದ ರಾಜೀನಾಮೆ ಬರೆಸಿಕೊಂಡವರೂ ಉಂಟು. ಮಿತಿಯೂ ಉದಾರವಾಗಿತ್ತು. ೨೭ ಪ್ರಮಾಣ ಎಕರೆಯೆಂದರೆ ಕೊನೆಯ ದರ್ಜೆಯ ಒಣಭೂಮಿಯಲ್ಲಿ ೨೧೬ ಎಕರೆಯಾಗುತ್ತಿತ್ತು. ಒಡೆಯನು ಸ್ವಂತ ಸಾಗುವಳಿಯ ನೆಪದಿಂದ ಭೂಮಿಯನ್ನು ಹಿಂದಕ್ಕೆ ಪಡೆಯಲು ಅವಕಾಶವಿತ್ತು. ಆದುದರಿಂದ ಜತ್ತಿ ಸಮಿತಿಯ ಫಲವಾದ ಕಾಯ್ದೆ ಉಳುವವನಿಗೆ ಪೂರ್ಣ ನ್ಯಾಯವನ್ನು ಒದಗಿಸಿತೆಂದು ಹೇಳಲಾಗದು. ಅದನ್ನು ಒದಗಿಸಲು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ದೇವರಾಜ ಅರಸರ ಕಾಲದ ತಿದ್ದುಪಡಿ ಬರಬೇಕಾಯಿತು. ಅದು ಮಿತಿಯನ್ನು ೧೦ ಯುನಿಟ್ಟಿಗೆ, ಎಂದರೆ ಕೊನೆಯ ದರ್ಜೆಯ ಭೂಮಿಯಲ್ಲಿ ೫೪ ಎಕರೆಗೆ ಇಳಿಸಿತು. ಭೂನ್ಯಾಯ ಮಂಡಳಿಗಳನ್ನು ಸ್ಥಾಪಿಸಿತು. ಬಡ ಕುಳನು ಒಡೆಯನ ವಕೀಲನ ಮುಂದೆ ಬಾಯಿ ಕಟ್ಟಿ ನಿಲ್ಲಬಾರದೆಂದು ಆ ಮಂಡಳಿಗಳಲ್ಲಿ ವಕೀಲರು ವಾದಿಸುವುದನ್ನೇ ನಿಷೇಧಿಸಿತು. ವಕೀಲರೊಬ್ಬರ ಅಧ್ಯಕ್ಷತೆಯಲ್ಲಿ ಬೀಜ ಬಿತ್ತಿದ ಕಾನೂನು ಹೀಗೆ ವಕೀಲರನ್ನೇ ಹೊರಗಿಟ್ಟು ಫಲ ಕೊಟ್ಟಿತು. ಆದರೆ ೧೯೬೧ರ ಚೌಕಟ್ಟು ಮೊದಲೇ ಸಿದ್ಧವಾಗಿರದಿದ್ದರೆ ೧೯೭೪ರಲ್ಲಿ ತಿದ್ದುವುದಕ್ಕೆ ಏನೂ ಇರುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಭೂಮಿಯನ್ನು ಕಳೆದುಕೊಂಡ ಮನೆತನಗಳೂ ಪಡೆದ ಮನೆತನಗಳೂ ಈ ಸೀಮೆಯಲ್ಲಿ ಒಂದೇ ಓಣಿಯಲ್ಲಿ ಬಾಳುತ್ತಿವೆ. ಒಂದೇ ಜಾತ್ರೆಯ ತೇರನ್ನು ಕೂಡಿ ಎಳೆಯುತ್ತವೆ.

೧೯೫೮ರ ಮೇ ೧೬ರಂದು ಜತ್ತಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ೧೯೬೨ರ ಮಾರ್ಚ್‌ವರೆಗೆ ಆ ಸ್ಥಾನದಲ್ಲಿದ್ದರು. ಅವರ ಕಾಲದಲ್ಲಿಯೇ ೧೯೫೯ರ ಗ್ರಾಮ ಪಂಚಾಯತಿ ಮತ್ತು ಸ್ಥಾನಿಕ ಮಂಡಳಿಗಳ ಕಾಯ್ದೆ ಬಂದು, ಗ್ರಾಮ, ತಾಲೂಕು, ಜಿಲ್ಲೆಗಳೆಂಬ ಮೂರು ಹಂತದ ವ್ಯವಸ್ಥೆ ಇಡೀ ರಾಜ್ಯಕ್ಕೆ ಸಮಾನವಾಯಿತು. ಮುಂದೆ ಶ್ರೀ ಎಸ್. ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಅರ್ಥಮಂತ್ರಿಯಾಗಿ ದುಡಿಯಲು ಅವರು ಹಿಂಜರಿಯಲಿಲ್ಲ. ದಿವಾನಗಿರಿಯಿಂದ ವಕೀಲಿಗೆ ಇಳಿದವರಿಗೆ ಮುಖ್ಯಮಂತ್ರಿ ಪದವಿಯಿಂದ ಒಂದು ಮೆಟ್ಟಿಲು ಇಳಿಯುವುದು ಕಷ್ಟವೆನಿಸಲಿಲ್ಲವೆಂದು ತೋರುತ್ತದೆ.

೧೯೬೮ರಲ್ಲಿ ಅವರು ಪಾಂಡಿಚೇರಿಯ ಉಪರಾಜ್ಯಪಾಲರಾಗಿ ಹೋದರು. ಫ್ರೆಂಚರ ಆಳ್ವಿಕೆಯಿಂದ ಬಂದ ಆ ಪ್ರದೇಶಕ್ಕೆ ಭಾರತದ ಅನೇಕ ಕಾಯ್ದೆಗಳನ್ನು ವಿಸ್ತರಿಸುವ ಅಧಿನಿಯಮ ಬಂದದ್ದೂ ಅದೇ ವರ್ಷ. ಆದರೂ ಕೆಲವು ಕುಟುಂಬಗಳಿಗೆ ವಿವಾಹ ವಾರಸುದಾರಿಕೆಗಳಲ್ಲಿ ಫ್ರೆಂಚ್ ಸಂಹಿತೆಯೇ ಅನ್ವಯಿಸುತ್ತ ಬಂದಿತು. ಸಂಸ್ಥಾನದ ಕಾನೂನನ್ನು ಬಾಲ್ಯದಿಂದ ಬಲ್ಲ ಜತ್ತಿಯವರಿಗೆ ಈ ವೈಚಿತ್ರ್ಯ ಹೊಸದೆನಿಸಿರಲಾರದು.

೧೯೭೨ರಲ್ಲಿ ಅವರು ಒರಿಸ್ಸಾದ ರಾಜ್ಯಪಾಲರಾದರು. ಅಲ್ಲಿ ಅವರ ಕಾನೂನುಜ್ಞಾನ ಪರೀಕ್ಷೆಗೆ ಒಳಗಾಯಿತು. ೧೯೭೩ರ ಮಾರ್ಚ್ ಮೊದಲಲ್ಲಿ ಬಹುಮತ ಕಳೆದುಕೊಂಡ ಶ್ರೀಮತಿ ನಂದಿನಿ ಸತ್ಪತಿಯವರು ರಾಜೀನಾಮೆ ಸಲ್ಲಿಸಿ ಸಭೆಯನ್ನು ವಿಸರ್ಜಿಸಲು ಸಲಹೆ ಮಾಡಿದರು. ವಿರೋಧಪಕ್ಷದ ನಾಯಕ ಶ್ರೀ ಬಿಜು ಪಟ್ನಾಯಕರು ತಮಗೆ ಬಹುಮತವಿದೆಯೆಂದು ಮುಂದೆ ಬಂದರು. ರಾಜ್ಯಪಾಲರು ಅವರಿಗೆ ಅವಕಾಶ ಕೊಡದೆ ರಾಷ್ಟ್ರಪತಿ ಆಡಳಿತಕ್ಕೆ ಶಿಫಾರಸು ಮಾಡಿದರು. ಪಟ್ನಾಯಕರು ಉಚ್ಚ ನ್ಯಾಯಾಲಯಕ್ಕೆ ಹೋದರು. ರಾಜ್ಯಪಾಲರ ವರದಿಯನ್ನು ಕೋರ್ಟು ಪರಿಶೀಲಿಸಲಾಗದೆಂದು ಅರ್ಜಿ ವಜಾ ಆಯಿತು. ಆದರೆ ಸಂಸದೀಯ ಸಂಪ್ರದಾಯದಂತೆ ವಿರೋಧಪಕ್ಷದ ನಾಯಕನನ್ನು ಕರೆಯಬೇಕಾಗಿತ್ತೆಂಬ ಅಭಿಪ್ರಾಯವನ್ನು ನ್ಯಾಯಾಲಯ ಮುಚ್ಚಿಡಲಿಲ್ಲ. ಬರೆದ ಕಾನೂನಿನ ಪಕ್ಕದಲ್ಲಿ ಬರೆಯದ ಸಂಪ್ರದಾಯವೂ ಒಂದು ಇರುತ್ತದೆ. ಮೊದಲನೆಯದನ್ನು ಮೀರಿದರೆ ಕೋರ್ಟು ತಡೆಯಬಹುದು. ಎರಡನೆಯದನ್ನು ಮೀರಿದರೆ ಕೋರ್ಟಿನ ಕೈ ಕಟ್ಟಿರುತ್ತದೆ, ಹೆಸರಿಗೆ ಮಸಿ ಮಾತ್ರ ಉಳಿಯುತ್ತದೆ. ಜತ್ತಿಯವರ ಅಭಿಮಾನಿಗಳಿಗೆ ಇದು ರುಚಿಸದ ಅಧ್ಯಾಯವಾದರೂ ಚರಿತ್ರೆಯಲ್ಲಿ ಅದನ್ನು ಬಿಡುವಂತಿಲ್ಲ. ಮುಂದೆ ೧೯೯೪ರಲ್ಲಿ, ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಶ್ರೀ ಎಸ್. ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತವನ್ನು ಅಳೆಯುವ ಸ್ಥಳ ರಾಜಭವನವಲ್ಲ, ಸದನವೇ ಎಂದು ನಿರ್ಣಯಿಸಿತು. ಇಂಥ ಘೋಷಣೆಗಳು ನ್ಯಾಯಾಲಯದ ಪರಿಶೀಲನೆಗೆ ಹೊರತಲ್ಲವೆಂದೂ ಸಾರಿತು.

೧೯೭೪ರ ಆಗಸ್ಟ್ ೩೧ರಂದು ಜತ್ತಿಯವರು ಭಾರತದ ಉಪರಾಷ್ಟ್ರಪತಿಯಾದರು. ಆ ಪದವಿಯ ಬಲದಿಂದ ರಾಜ್ಯಸಭೆಯ ಸಭಾಪತಿಗಳೂ ಆದರು. ಮರುವರ್ಷ ತುರ್ತು ಪರಿಸ್ಥಿತಿ ಬಂದಿತು. ೧೯೭೬ರ ನವೆಂಬರಿನಲ್ಲಿ, ಅವರು ಸಭಾಪತಿಗಳಾಗಿದ್ದ ಆ ಸಭೆಯು ಸಂವಿಧಾನದ ನಲವತ್ತೆರಡನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಅದರ ಅನೇಕ ಕಲಮುಗಳಲ್ಲಿ ಒಂದು ಎಪ್ಪತ್ನಾಲ್ಕನೆಯ ಅನುಚ್ಛೇದಕ್ಕೆ ಸಂಬಂಧಿಸಿದ್ದು: ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದು. ಅದುವರೆಗೆ ಸಂಪ್ರದಾಯವಾಗಿದ್ದುದು ಅಂದು ಬರೆದ ಕಟ್ಟಳೆಯಾಯಿತು. ಆ ಕಟ್ಟಳೆಯ ಭಾರ ಕೆಲವೇ ತಿಂಗಳಲ್ಲಿ ತಮ್ಮ ಕೈಮೇಲೆಯೇ ಬೀಳುವುದೆಂದು ಸಭಾಪತಿಗಳು ಊಹಿಸಿರಲಾರರು.

೧೯೭೭ರ ಫೆಬ್ರುವರಿ ೧೧ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದರು. ಸಂವಿಧಾನದ ಅರವತ್ತೈದನೆಯ ಅನುಚ್ಛೇದದ ಪ್ರಕಾರ ಜತ್ತಿಯವರು ರಾಷ್ಟ್ರಪತಿಗಳ ಅಧಿಕಾರವನ್ನು ವಹಿಸಿಕೊಂಡರು. ಸಾವಳಗಿಯ ಮಗನು ರಾಷ್ಟ್ರಪತಿ ಭವನದ ಗಾದಿಯಲ್ಲಿ ಕುಳಿತನೆಂದು ಜಮಖಂಡಿಯ ಜನ ಹಿಗ್ಗಿದರು. ಮಾರ್ಚ್ ೨೧ರಂದು ಒಳನಾಡಿನ ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡ ಆಜ್ಞೆ ಅವರದು. ಮಾರ್ಚ್ ೨೪ರಂದು ಶ್ರೀ ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಮಂತ್ರಿ ಪದವಿಯ ಪ್ರಮಾಣವಚನ ಬೋಧಿಸಿದವರೂ ಅವರೇ. ಇಷ್ಟರವರೆಗೆ ಎಲ್ಲವೂ ಸುಗಮ.

ಏಪ್ರಿಲಿನಲ್ಲಿ ಕೇಂದ್ರದ ಹೊಸ ಸರಕಾರವು ಕಾಂಗ್ರೆಸ್ಸಿನ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಲೋಕಸಭೆಯ ಚುನಾವಣೆಯಲ್ಲಿ ಆ ಪಕ್ಷ ಅಲ್ಲಿ ಸಂಪೂರ್ಣ ಸೋತುದರಿಂದ ಜನರ ವಿಶ್ವಾಸ ಉಳಿದಿಲ್ಲವೆಂಬುದು ಗೃಹಮಂತ್ರಿ ಶ್ರೀ ಚರಣಸಿಂಗರ ವಾದ. ಲೋಕಸಭೆಗೆ ಒಬ್ಬನನ್ನು ಸೋಲಿಸಿದ ಮತದಾರನು ವಿಧಾನಸಭೆಯಲ್ಲಿ ಕುಳಿತ ಇನ್ನೊಬ್ಬನನ್ನೂ ಸೋಲಿಸಿದಂತಾಯಿತೇ ಎಂಬುದು ಪ್ರತಿವಾದ. ರಾಜಸ್ಥಾನವೇ ಮೊದಲಾದ ಆರು ರಾಜ್ಯಗಳು ನೇರವಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದವು. ಕೇಂದ್ರ ಮತ್ತು ರಾಜ್ಯಗಳ ನಡುವಣ ವ್ಯಾಜ್ಯ ಕೆಳಗಿನ ಕೋರ್ಟುಗಳನ್ನು ಹತ್ತಿ ಬರಬೇಕಾಗಿಲ್ಲ. ನೂರಮೂವತ್ತೊಂದನೆಯ ಅನುಚ್ಛೇದವು ಅದಕ್ಕೆ ಮೇಲಿನ ಬಾಗಿಲನ್ನೇ ತೆರೆದಿಟ್ಟಿದೆ. ಮುಖ್ಯ ನ್ಯಾಯಮೂರ್ತಿ ಬೇಗರ ನೇತೃತ್ವದ ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ ೨೯ರಂದು ದಾವೆಗಳನ್ನು ತಳ್ಳಿಹಾಕಿತು. ಒಡನೆಯೇ ಮಂತ್ರಿಮಂಡಲದ ಸಲಹೆ ರಾಷ್ಟ್ರಪತಿ ಭವನಕ್ಕೆ ಬಂದಿತು. ಬೇಕಾಗಿದ್ದುದು ಒಂದು ಸಹಿ.

ಜತ್ತಿಯವರು ಒಡನೆ ಸಹಿ ಹಾಕಲಿಲ್ಲ.

ದೆಹಲಿಯಲ್ಲಿ ಗುಲ್ಲೆದ್ದಿತು. ಹಳೆಯ ಪಕ್ಷದ ಋಣವನ್ನು ತೀರಿಸುತ್ತಿದ್ದಾರೆಂದು ಕೆಲವರು ಆಡಿದರು. ಸಂವಿಧಾನದ ಬಿಕ್ಕಟ್ಟೇ ಬಂದಿತೆಂದು ಕೆಲವರು ಹೆದರಿದರು. ವಿಸರ್ಜನೆಗೊಳ್ಳಬೇಕಾದ ಒಂಬತ್ತು ಸಭೆಗಳಲ್ಲಿ ಒರಿಸ್ಸಾದ ಸಭೆಯೂ ಒಂದು ಎಂಬುದನ್ನು ಗಮನಿಸಬೇಕು. ನಾಲ್ಕು ವರ್ಷಗಳ ಹಿಂದೆ ಅಲ್ಲಿ ನಿಧಾನಿಸದೆ ಶಿಫಾರಸು ಮಾಡಿದವರು ಇಲ್ಲಿ ನಿಧಾನಿಸಿದರು. ಪಕ್ಷಪ್ರೀತಿಯೋ, ವಕೀಲನ ಎಚ್ಚರವೋ, ಹಿಂದಿನ ಅನುಭವ ಕಲಿಸಿದ ಅಳುಕೋ, ಇವುಗಳಲ್ಲಿ ಯಾವುದಿದ್ದರೂ ಇರಬಹುದು. ಮನುಷ್ಯನ ಮನಸ್ಸಿನಲ್ಲಿ ಇವು ಬೇರೆಬೇರೆ ಕಪಾಟುಗಳಲ್ಲಿರುವುದಿಲ್ಲ. ಕಾನೂನಿನ ಸ್ಥಿತಿ ಮಾತ್ರ ನಿಚ್ಚಳವಾಗಿತ್ತು. ಸರ್ವೋಚ್ಚ ನ್ಯಾಯಾಲಯ ಬಾಗಿಲು ಮುಚ್ಚಿತ್ತು. ಎಪ್ಪತ್ನಾಲ್ಕನೆಯ ಅನುಚ್ಛೇದವು ಹೊಸ ರೂಪದಲ್ಲಿ ಎದುರಿಗಿತ್ತು. ಸಲಹೆಯನ್ನು ತಿರುಗಿ ಕಳಿಸಲು ಅದರಲ್ಲಿ ಒಂದು ಅಕ್ಷರದಷ್ಟು ಎಡೆಯೂ ಇರಲಿಲ್ಲ. ಮಂತ್ರಿಮಂಡಲ ತನ್ನ ಮಾತಿಗೆ ಅಂಟಿಕೊಂಡಿತು. ಏಪ್ರಿಲ್ ೩೦ರಂದು ಜತ್ತಿಯವರು ಸಹಿ ಹಾಕಿದರು. ಜೂನ್ ತಿಂಗಳಲ್ಲಿ ಆ ರಾಜ್ಯಗಳಲ್ಲಿ ಚುನಾವಣೆ ನಡೆಯಿತು.

ಒಂದು ದಿನದ ವಿಳಂಬವನ್ನು ಅಪರಾಧವೆಂದು ಎಣಿಸುವವರು ಮುಂದಿನದನ್ನೂ ನೋಡಬೇಕು. ೧೯೭೮ರಲ್ಲಿ ಅದೇ ಜನತಾ ಸರಕಾರ ತಂದ ನಲವತ್ನಾಲ್ಕನೆಯ ತಿದ್ದುಪಡಿಯು, ರಾಷ್ಟ್ರಪತಿಗಳು ಸಲಹೆಯನ್ನು ಪುನಃ ಆಲೋಚಿಸುವಂತೆ ಒಮ್ಮೆ ಹಿಂದಕ್ಕೆ ಕಳಿಸಬಹುದೆಂದು ವಿಧಿಸಿತು. ಎರಡನೆಯ ಬಾರಿ ಬಂದರೆ ಒಪ್ಪಲೇಬೇಕು. ಆಲೋಚನೆಗೆ ಒಂದಿಷ್ಟು ಸಮಯ ಬೇಕೆಂಬುದು ಆಗ ಕಟ್ಟಳೆಯೊಳಗೇ ಸೇರಿತು. ಕಟ್ಟಳೆಯಿಲ್ಲದಾಗ ಸಮಯ ಕೇಳಿದವರು ನಿಂದೆಯನ್ನು ಉಂಡರು.

೧೯೭೭ರ ಜುಲೈ ೨೫ರಂದು ಶ್ರೀ ನೀಲಂ ಸಂಜೀವರೆಡ್ಡಿಯವರು ರಾಷ್ಟ್ರಪತಿಗಳಾದರು. ಜತ್ತಿಯವರು ಮರಳಿ ತಮ್ಮ ಉಪರಾಷ್ಟ್ರಪತಿ ಸ್ಥಾನಕ್ಕೆ ಬಂದು ೧೯೭೯ರ ಆಗಸ್ಟ್‌ವರೆಗೆ ಅವಧಿಯನ್ನು ಪೂರೈಸಿದರು. ಅವರು ಬರೆದ ಆತ್ಮಚರಿತ್ರೆಯ ಇಂಗ್ಲಿಷ್ ಹೆಸರಿಗೆ ತನಗೆ ತಾನೇ ಮಾದರಿ ಎಂಬ ಅರ್ಥವಿದೆ. ಅದು ಅಹಂಕಾರದ ಮಾತಾಗಿ ಕೇಳಿಸಬಹುದು. ಹಿಂದೆ ನಡೆದವರ ಹೆಜ್ಜೆಯಿಲ್ಲದ ದಾರಿಯಲ್ಲಿ ಸಂಸ್ಥಾನದ ಹಳ್ಳಿಯೊಂದರಿಂದ ಹೊರಟವನಿಗೆ ಬೇರೆ ಮಾದರಿ ಎಲ್ಲಿತ್ತು ಎಂದು ಕೇಳಿಕೊಂಡರೆ ಬೇರೆಯಾಗಿ ತೋರುತ್ತದೆ.

ರಾಜಕಾರಣದ ನಡುವೆಯೇ, ೧೯೬೪ರಲ್ಲಿ, ಅವರು ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದ್ದರು. ಶರಣರ ವಚನಗಳನ್ನು ಕನ್ನಡದ ಗಡಿಯಾಚೆ ಒಯ್ಯುವುದು ಅದರ ಉದ್ದೇಶ. ವಿಜಾಪುರದ ಇನ್ನೊಬ್ಬ ವಕೀಲರಾದ ಫ. ಗು. ಹಳಕಟ್ಟಿಯವರು ತಾಳೆಗರಿಗಳಿಂದ ಹುಡುಕಿ ತೆಗೆದು ಅಚ್ಚಿಗೆ ತಂದ ವಚನರಾಶಿಯನ್ನು ಅನ್ಯಭಾಷೆಗಳಿಗೆ ಮುಟ್ಟಿಸುವ ಕೆಲಸಕ್ಕೆ ಈ ವಕೀಲರು ಸಂಸ್ಥೆಯನ್ನು ಕಟ್ಟಿಕೊಟ್ಟರು. ನಿವೃತ್ತಿಯ ನಂತರದ ಅವರ ಕಾಲ ಬಹುಪಾಲು ಅದಕ್ಕೇ ಸಂದಿತು. ಸಮಿತಿಯು ಗ್ರಂಥಗಳನ್ನೂ ನಿಯತಕಾಲಿಕೆಗಳನ್ನೂ ಪ್ರಕಟಿಸಿತು. ಮುಂದೆ ಭಾರತದ ಹಲವು ಭಾಷೆಗಳಲ್ಲಿ ವಚನಗಳ ಅನುವಾದವನ್ನು ಹೊರತಂದಿತು.

೨೦೦೨ರ ಜೂನ್ ೭ರಂದು ಬೆಂಗಳೂರಿನಲ್ಲಿ ಶ್ರೀ ಜತ್ತಿಯವರು ಲಿಂಗೈಕ್ಯರಾದರು. ಆಗ ಅವರಿಗೆ ೮೯ ವರ್ಷ. ಅವರು ಹುಟ್ಟಿದಾಗ ಸಂಸ್ಥಾನದ ಸೀಮೆಗೆ ಸೇರಿದ್ದ ಸಾವಳಗಿಯು ಮುಂಬಯಿ ಪ್ರಾಂತವನ್ನೂ ಮೈಸೂರು ರಾಜ್ಯವನ್ನೂ ಕಂಡು, ೧೯೯೭ರಲ್ಲಿ ವಿಜಾಪುರದಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯೊಳಗೆ ಸೇರಿ ಆಗ ಐದು ವರ್ಷವಾಗಿತ್ತು.